ಆಷಾಢದಲ್ಲಿ ಕ್ರಿಸ್‌ಮಸ್

ಹಳೆಯ ರಾಕ್ ಬ್ಯಾಂಡೊಂದು ಕ್ರಿಸ್‌ಮಸ್ ಆಲ್ಬಮ್ ಹೊರತಂದಿತೆಂದರೆ ಅದರ ಬತ್ತಳಿಕೆ ಬರಿದಾಗಿದೆ ಎಂದೇ ತಿಳಿಯಬೇಕು ಎಂದು ಮೂವತ್ತರ ಹರೆಯದಲ್ಲಿ ನಾನು ಬಹಳ ಖಚಿತವಾಗಿ ವಾದಿಸುತ್ತಿದ್ದೆ. 2003ರಲ್ಲಿ ಬ್ರಿಟನ್ನಿನ ಜೆಥ್ರೋ ಟಲ್ ರಾಕ್ ಬ್ಯಾಂಡಿನ ಕ್ರಿಸ್‌ಮಸ್ ಆಲ್ಬಮ್ ಬಂದಾಗ ನಮ್ಮ ಗಿಟಾರ್ ವಾದಕ ಅದರ ಸಿ.ಡಿ. ತಂದಿದ್ದ, ಕೇಳುವ ಮೊದಲೇ ನಾನು ತೀರ್ಪು ಕೊಟ್ಟಾಗಿತ್ತು. ಇಪ್ಪತ್ತು ವರ್ಷದ ತರುವಾಯ, 2023ರ ಜುಲೈ ತಿಂಗಳಿನಲ್ಲಿ, ಬೆಂಗಳೂರಿನ ಕಾಕ್ಸ್ ಟೌನಿನಲ್ಲಿರುವ ಅದೇ ಗಿಟಾರ್ ವಾದಕನ ಹಳೆಯ ಮನೆಯ ಕಾರ್ ಶೆಡ್ಡಿನಲ್ಲಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿರುವಾಗ, ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನಾನು ‘ಜಿಂಗಲ್ ಬೆಲ್ಸ್’ ನುಡಿಸುತ್ತ ಕುಳಿತಿದ್ದೆ. ಆಗ ನನಗೆ 56 ವರ್ಷ.

ನಮ್ಮದು ಹೆಸರು ಮಾಡಿದ ಬ್ಯಾಂಡ್ ಅಲ್ಲ. 1988ರಲ್ಲಿ ಕಾಲೇಜು ಹುಡುಗರಾಗಿದ್ದಾಗ ಕಟ್ಟಿಕೊಂಡ ಐದು ಜನರ ಗುಂಪು; ನೌಕರಿ, ಮದುವೆ, ಮಕ್ಕಳ ಓದು, ಒಬ್ಬನ ಬೈಪಾಸ್ ಶಸ್ತ್ರಚಿಕಿತ್ಸೆ ಇವೆಲ್ಲದರ ನಡುವೆಯೂ ಒಡೆಯದೆ ಉಳಿದಿದೆ ಎಂಬುದೇ ನಮ್ಮ ದೊಡ್ಡ ಸಾಧನೆ. ಗಿಟಾರ್ ವಾದಕ ಆಂಗ್ಲೋ ಇಂಡಿಯನ್. ಗಾಯಕ ಮಂಗಳೂರು ಕಡೆಯ ಕೆಥೊಲಿಕ್. ಕೀಬೋರ್ಡ್ ನುಡಿಸುವವನು ಭಾನುವಾರದ ಬೆಳಗುಗಳಲ್ಲಿ ಚರ್ಚಿನ ಆರ್ಗನ್ ನುಡಿಸುತ್ತಾನೆ. ಡ್ರಮ್ ಬಾರಿಸುವವನು ಮಂಡ್ಯ ಜಿಲ್ಲೆಯ ರೈತರ ಮನೆಯವನು. ನಾನು ಬಸವನಗುಡಿಯವನು, ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದವನು. ಆಲ್ಬಮ್ಮಿನ ಮಾತನ್ನು ಎತ್ತಿದವನು ಕೀಬೋರ್ಡಿನವನು. ನಾನು ಎಂದಿನಂತೆ ಮೂಗು ಮುರಿದಾಗ ಅವನು ತಣ್ಣಗೆ ಕೇಳಿದ: “ಮೂವತ್ತೈದು ವರ್ಷದಿಂದ ನಮ್ಮ ಹಾಡು ನಾವೇ ಬರೀತಾ ಇದೀವಿ. ಅದರಲ್ಲಿ ಒಂದನ್ನಾದರೂ ಎದುರಿಗೆ ನಿಂತವರು ನಮ್ಮ ಜೊತೆ ಹಾಡಿದ್ದನ್ನ ನೋಡಿದೀಯೇನೋ?” ಉತ್ತರ ನನ್ನಲ್ಲಿರಲಿಲ್ಲ.

ಅಂದು ರಾತ್ರಿ ಆ ಹಳೆಯ ಸಿ.ಡಿ.ಯನ್ನು ಹುಡುಕಿ ಕೇಳಿದೆ. ಒಟ್ಟು ಹದಿನಾರು ಹಾಡುಗಳು. ಅವುಗಳಲ್ಲಿ ಪರಂಪರೆಯ ಕ್ರಿಸ್‌ಮಸ್ ಭಕ್ತಿಗೀತೆಗಳಾದ ಕ್ಯಾರಲ್‌ಗಳೂ ಇವೆ, ಬ್ಯಾಂಡು ತಾನೇ 1968ರಿಂದ ಆಗಾಗ ಬರೆದಿದ್ದ ಚಳಿಗಾಲದ ಹಾಡುಗಳ ಮರುಧ್ವನಿಮುದ್ರಣಗಳೂ ಇವೆ, ಬಾಖ್‌ನ ಒಂದು ರಚನೆಯೂ ಇದೆ. ಬ್ಯಾಂಡಿನ ಮುಂದಾಳು ಇಯಾನ್ ಆಂಡರ್ಸನ್ನರ ಕೊಳಲು ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡು ಹೋಗುತ್ತದೆ. ಸಾಂಟಾ ಟೋಪಿ ಹಾಕಿಕೊಂಡು ಕುಣಿಯುವ ಧಾಟಿ ಅದರಲ್ಲಿ ಎಲ್ಲಿಯೂ ಇಲ್ಲ. ಆ ಆಲ್ಬಮ್ಮಿನ ತರುವಾಯ ಆ ಬ್ಯಾಂಡಿನ ಹೆಸರಿನಲ್ಲಿ ಹೊಸ ಸ್ಟುಡಿಯೋ ಆಲ್ಬಮ್ ಬಂದದ್ದು 2022ರಲ್ಲಿ. ನಡುವಿನ ಅಷ್ಟೂ ವರ್ಷ ಪ್ರತಿ ಡಿಸೆಂಬರಿನಲ್ಲಿ ಜನ ಹೊರತೆಗೆದು ಕೇಳಿದ್ದು ಇದನ್ನು. ಚರ್ಚುಗಳಲ್ಲಿ, ಕೆಥೆಡ್ರಲ್‌ಗಳಲ್ಲಿ ಆಂಡರ್ಸನ್ ನಡೆಸಿಕೊಂಡು ಬಂದ ಕ್ರಿಸ್‌ಮಸ್ ಕಛೇರಿಗಳಿಗೂ ಇದೇ ಬಂಡವಾಳ. ಬತ್ತಳಿಕೆ ಬರಿದಾದವರ ಕೆಲಸ ಇದಲ್ಲವೆಂದು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಆ ಬ್ಯಾಂಡಿನ ಹೆಸರು ಬೀಜ ಬಿತ್ತುವ ಯಂತ್ರವನ್ನು ರೂಪಿಸಿದ 18ನೆಯ ಶತಮಾನದ ಒಬ್ಬ ಇಂಗ್ಲಿಷ್ ಕೃಷಿಕನದು ಎಂದು ಹೇಳಿದಾಗ ನಮ್ಮ ಡ್ರಮ್ಮರ್, “ಅಂದರೆ ಕೂರಿಗೆ ಬ್ಯಾಂಡು ಅನ್ನು. ನಮ್ಮಜ್ಜನ ಹಟ್ಟೀಲೂ ಒಂದು ಕೂರಿಗೆ ಇತ್ತು, ಅದಕ್ಕೆ ಯಾರೂ ಹಾಡು ಕಟ್ಟಲಿಲ್ಲ” ಎಂದ.

ಕೆಲಸ ಶುರು ಮಾಡುವ ದಿನಕ್ಕೆ ಮೊದಲ ಅಡ್ಡಿ ಬಂದದ್ದು ಅವನ ತಾಯಿಯಿಂದ. ಆಷಾಢದಲ್ಲಿ ಹೊಸ ಕೆಲಸ ಬೇಡವೆಂದರು. ಆಷಾಢ ಮುಗಿದೊಡನೆ ಆ ವರ್ಷ ಅಧಿಕ ಮಾಸ, ಅದೂ ಬೇಡವಂತೆ. ಅವರ ಮಾತು ಕೇಳಿದ್ದರೆ ಶ್ರಾವಣದವರೆಗೆ, ಅಂದರೆ ಆಗಸ್ಟ್ 17ರವರೆಗೆ, ಕಾಯಬೇಕಾಗುತ್ತಿತ್ತು. ಕ್ರಿಸ್‌ಮಸ್ ಹಾಡಿನ ಪಂಚಾಂಗ ಬೇರೆಯೇ ಎಂದು ಅವರಿಗೆ ತಿಳಿಹೇಳಿದೆವು. ಡಿಸೆಂಬರಿನಲ್ಲಿ ಜನ ಕೇಳಬೇಕಾದರೆ ನವೆಂಬರ್ ಮುಗಿಯುವುದರೊಳಗೆ ಹಾಡು ಹೊರಬರಬೇಕು. ಅದಕ್ಕೆ ಅಕ್ಟೋಬರಿನಲ್ಲೇ ಎಲ್ಲವನ್ನೂ ವಿತರಕರ ಕೈಗೆ ಒಪ್ಪಿಸಬೇಕು. ಅದಕ್ಕೆ ಸೆಪ್ಟೆಂಬರಿನಲ್ಲಿ ಮಿಕ್ಸಿಂಗ್, ಅಂದರೆ ಎಲ್ಲ ವಾದ್ಯ, ಧ್ವನಿಗಳ ಸದ್ದನ್ನು ಒಂದಕ್ಕೊಂದು ಹೊಂದಿಸುವ ಕೆಲಸ, ಮುಗಿಯಬೇಕು. ಬ್ರಿಟನ್ನಿನ ಸ್ಲೇಡ್ ಬ್ಯಾಂಡಿನ ಪ್ರಸಿದ್ಧ ಕ್ರಿಸ್‌ಮಸ್ ಹಾಡು 1973ರಲ್ಲಿ ಧ್ವನಿಮುದ್ರಣಗೊಂಡದ್ದು ನ್ಯೂಯಾರ್ಕಿನ ಸೆಕೆಯಲ್ಲಿ. ಅಮೆರಿಕದ ಸಂಗೀತ ನಿರ್ಮಾಪಕ ಫಿಲ್ ಸ್ಪೆಕ್ಟರ್ 1963ರಲ್ಲಿ ಹೊರತಂದ ಕ್ರಿಸ್‌ಮಸ್ ಆಲ್ಬಮ್ಮಿಗೆ ಗಾಯಕರು ಹಾಡಿದ್ದು ಲಾಸ್ ಏಂಜಲೀಸಿನ ಬೇಸಗೆಯಲ್ಲಿ. ಇಷ್ಟೆಲ್ಲ ಕಷ್ಟಪಟ್ಟೂ ಅದು ಬಿಡುಗಡೆಯಾದ ದಿನ ನವೆಂಬರ್ 22, ಕೆನಡಿಯವರ ಹತ್ಯೆಯಾದ ದಿನ. ಮುಹೂರ್ತವೆಂದರೆ ಇದು ಎಂದು ಡ್ರಮ್ಮರನ ತಾಯಿಗೆ ನಾನು ಹೇಳಲು ಹೋಗಲಿಲ್ಲ. ನಮ್ಮ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಗಿಟಾರ್ ವಾದಕನ ಹೆಂಡತಿ ಅದೇ ವಾರ ದೊಡ್ಡ ಗಾಜಿನ ಭರಣಿಗಳಿಗೆ ಒಣದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆಯ ಚೂರುಗಳನ್ನು ತುಂಬಿ ರಮ್ಮಿನಲ್ಲಿ ನೆನೆಹಾಕುತ್ತಿದ್ದರು. ಡಿಸೆಂಬರಿನ ಕೇಕಿಗೆ ಜುಲೈನಲ್ಲೇ ಕೈಹಾಕುವ ಆ ಮನೆಯವರಿಗೆ ನಮ್ಮ ಅವಸರ ವಿಚಿತ್ರವೆನಿಸಲಿಲ್ಲ.

ಹಾಡುಗಳನ್ನು ಆರಿಸುವುದು ಸುಲಭವೆಂದುಕೊಂಡಿದ್ದೆವು. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರಚನಕಾರ ತೀರಿಕೊಂಡ ವರ್ಷದ ನಂತರ 60 ವರ್ಷಗಳವರೆಗೆ ಅವನ ಹಾಡಿನ ಹಕ್ಕು ಜೀವಂತವಾಗಿರುತ್ತದೆ. ಹೀಗಾಗಿ ನಮ್ಮ ಗಾಯಕ ಬಯಸಿದ್ದ ‘ವೈಟ್ ಕ್ರಿಸ್‌ಮಸ್’ ಮೊದಲ ದಿನವೇ ಕೈಬಿಟ್ಟಿತು: ಅದನ್ನು ಬರೆದ ಇರ್ವಿಂಗ್ ಬರ್ಲಿನ್ ತೀರಿಕೊಂಡದ್ದು 1989ರಲ್ಲಿ, ಆದ್ದರಿಂದ ಅದು ಎಲ್ಲರ ಸ್ವತ್ತಾಗುವುದು 2050ರಲ್ಲಿ. ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ನುಡಿಸುತ್ತ ಕೂರುವ ಅಂದಾಜಿಲ್ಲ. ಬೇರೆಯವರ ಹಾಡನ್ನು ಮತ್ತೆ ಹಾಡಿ ಹೊರತರುವ ಕವರ್ ಹಾಡಿಗೆ ಕಾಯ್ದೆಯಲ್ಲಿ ಬೇರೆ ದಾರಿಯೇನೋ ಇದೆ. ಆದರೆ ಅದರಲ್ಲಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ನಾವು ಅಚ್ಚು ಹಾಕಿಸಬೇಕೆಂದಿದ್ದದ್ದು 300 ಸಿ.ಡಿ. ಇನ್ನು ‘ಕ್ಯಾರಲ್ ಆಫ್ ದಿ ಬೆಲ್ಸ್’ ಸಂಗತಿ ಇನ್ನೂ ನವಿರಾದದ್ದು. ಅದರ ಮಟ್ಟು ಉಕ್ರೇನಿನ ಮಿಕೋಲಾ ಲಿಯೊಂಟೊವಿಚ್ ಅವರದು. ಅವರು 1921ರಲ್ಲೇ ತೀರಿಕೊಂಡವರು. ಎಲ್ಲರಿಗೂ ಗೊತ್ತಿರುವ ಇಂಗ್ಲಿಷ್ ಸಾಹಿತ್ಯವಾದರೋ 1936ರಲ್ಲಿ ಬೇರೊಬ್ಬರು ಬರೆದದ್ದು, ಅವರು ತೀರಿಕೊಂಡದ್ದು 1978ರಲ್ಲಿ. ಆದ್ದರಿಂದ ಮಟ್ಟನ್ನು ಮಾತ್ರ ನುಡಿಸಿದೆವು, ಸಾಹಿತ್ಯವನ್ನು ಮುಟ್ಟಲಿಲ್ಲ. ಬ್ಯಾಂಕಿನಲ್ಲಿ ಮೂರು ದಶಕ ಸಾಲದ ಕಡತ ನೋಡಿದ ನನ್ನ ಅಭ್ಯಾಸ ರಾಕ್ ಸಂಗೀತಕ್ಕೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕೊನೆಗೆ ಉಳಿದದ್ದು ಎಂಟು ಹಾಡು, 31 ನಿಮಿಷ. ನಿಜವಾದ ಪಾಠ ಶುರುವಾದದ್ದು ನುಡಿಸುವುದಕ್ಕೆ ಕುಳಿತ ಮೇಲೆ. ನಮ್ಮದೇ ಹಾಡಿನಲ್ಲಿ ತಪ್ಪು ನುಡಿಸಿದರೆ ಕೇಳುವವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಸರಿಯಾದದ್ದು ಯಾವುದೆಂದು ನಮ್ಮ ಹೊರತು ಬೇರೆಯವರಿಗೆ ಗೊತ್ತಿಲ್ಲ. ಮೂವತ್ತೈದು ವರ್ಷ ನಾವು ಬಚ್ಚಿಟ್ಟುಕೊಂಡದ್ದು ಈ ಮರೆಯಲ್ಲಿ ಎಂಬುದು ನನಗೆ ‘ಜಾಯ್ ಟು ದಿ ವರ್ಲ್ಡ್’ ನುಡಿಸಿದ ದಿನ ತಿಳಿಯಿತು. ಆ ಹಾಡಿನ ಮೊದಲ ಸಾಲು ಮೇಲಿನ ಷಡ್ಜದಿಂದ ಕೆಳಗಿನ ಷಡ್ಜದವರೆಗೆ ಒಂದು ಸ್ವರವನ್ನೂ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ: ಸ ನಿ ದ ಪ ಮ ಗ ರಿ ಸ. ಶಂಕರಾಭರಣದ ಅವರೋಹಣವೇ ಅದು, ಅದಕ್ಕಿಂತ ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಪುಟ್ಟ ಮಗುವಿಗೂ ಗೊತ್ತಿರುವ ಇಂಥ ಸಾಲಿನಲ್ಲಿ ಎಂಟರಲ್ಲಿ ಒಂದು ಸ್ವರ ಕೂದಲೆಳೆಯಷ್ಟು ತಡವಾದರೂ ಎದ್ದು ಕಾಣುತ್ತದೆ. ಹದಿನೆಂಟು ಸಲ ನುಡಿಸಿದೆವು. ಹದಿನೆಂಟನೆಯದೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಗಾಯಕನ ಪಾಡು ಇದಕ್ಕಿಂತ ಕಠಿಣವಾಗಿತ್ತು. ಸಾಮಾನ್ಯವಾಗಿ ಹಾಡು ಕೆಳಗಿನಿಂದ ಹೊರಟು, ಗಂಟಲು ಕಾದ ಮೇಲೆ, ಎತ್ತರಕ್ಕೆ ಹೋಗುತ್ತದೆ. ಇದು ಮೊದಲ ಪದವನ್ನೇ ಶಿಖರದ ಮೇಲೆ ನಿಲ್ಲಿಸುತ್ತದೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನು ಲೀಲಾಜಾಲವಾಗಿ ಮುಟ್ಟುತ್ತಿದ್ದ ಜಾಗವನ್ನು ಈಗ ಮುಟ್ಟಲು ಹೋದರೆ ಧ್ವನಿ ಒಡೆಯುತ್ತಿತ್ತು. ಡಿ ಶ್ರುತಿಯಿಂದ ಸಿ ಶಾರ್ಪಿಗೆ ಇಳಿಸಿದೆವು, ಅಲ್ಲಿಂದ ಸಿ, ಅಲ್ಲಿಂದ ಬಿ. ಪ್ರತಿಯೊಂದು ಮೆಟ್ಟಿಲು ಇಳಿಯುವಾಗಲೂ ಅವನು ಗೋಡೆಯ ಕಡೆ ನೋಡುತ್ತಿದ್ದ. ಬಿ ಫ್ಲಾಟಿಗೆ ಬಂದಾಗ ಧ್ವನಿ ತಾನಾಗಿ ತೆರೆದುಕೊಂಡಿತು, ಅದರಲ್ಲಿ ಹಿಂದೆಂದೂ ಇರದಿದ್ದ ಒಂದು ಒರಟು, ಒಂದು ತೂಕ ಇತ್ತು. ನಾವು ಯಾರೂ ಏನೂ ಹೇಳಲಿಲ್ಲ. ಅವನೇ ಹೆಡ್‌ಫೋನ್ ತೆಗೆದು, “ಇದೇ ನನ್ನ ಮನೆ ಅಂತ ಇಟ್ಕೊಳಿ” ಎಂದ. ಉಳಿದ ಹಾಡುಗಳನ್ನೂ ಅದಕ್ಕೆ ತಕ್ಕಂತೆ ಇಳಿಸಿಕೊಂಡೆವು.

‘ಓ ಕಮ್ ಆಲ್ ಯೀ ಫೇತ್‌ಫುಲ್’ ಕ್ಯಾರಲನ್ನು ಗಟ್ಟಿ ರಾಕ್ ಮಾಡಬೇಕೆಂದು ಗಿಟಾರ್ ವಾದಕ ಒಂದು ಮಧ್ಯಾಹ್ನವಿಡೀ ಹೆಣಗಿ, ಅದರ ಮಟ್ಟು ಟ್ವಿಸ್ಟೆಡ್ ಸಿಸ್ಟರ್ ಬ್ಯಾಂಡಿನ 1984ರ ಹೆಸರಾಂತ ಹಾಡಿನೊಳಗೆ ಅಚ್ಚುಕಟ್ಟಾಗಿ ಕೂರುತ್ತದೆಂದು ಕಂಡುಹಿಡಿದು ಕುಣಿದಾಡಿದ. ಆ ಬ್ಯಾಂಡಿನವರೇ 2006ರ ತಮ್ಮ ಕ್ರಿಸ್‌ಮಸ್ ಆಲ್ಬಮ್ಮಿನಲ್ಲಿ ಅದನ್ನು ಮಾಡಿ ಮುಗಿಸಿದ್ದಾರೆಂದು ಕೀಬೋರ್ಡಿನವನು ಮೊಬೈಲಿನಲ್ಲಿ ಕೇಳಿಸಿದಾಗ ಅವನ ಮುಖ ನೋಡುವಂತಿತ್ತು. ಆ ಹಾಡನ್ನು ಕೈಬಿಟ್ಟೆವು. ಅದರ ಜಾಗಕ್ಕೆ ಅವನು ‘ಸೈಲೆಂಟ್ ನೈಟ್’ ಅನ್ನು ಒಂಟಿ ಗಿಟಾರಿನಲ್ಲಿ, ಆಂಪ್ಲಿಫೈಯರ್ ಇಲ್ಲದೆ, ತಿಶ್ರ ನಡೆಯಲ್ಲಿ ನುಡಿಸಿದ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡೋರ್ಫ್ ಊರಿನ ಚರ್ಚಿನಲ್ಲಿ ಆ ಹಾಡನ್ನು ಮೊದಲ ಸಲ ಹಾಡಿದಾಗ ಇದ್ದ ಪಕ್ಕವಾದ್ಯ ಕೂಡ ಗಿಟಾರೇ. ಒಂದೇ ಸಲಕ್ಕೆ ಅದು ಓಕೆ ಆಯಿತು. ಇಡೀ ಆಲ್ಬಮ್ಮಿನಲ್ಲಿ ನಾನು ಮತ್ತೆ ಮತ್ತೆ ಕೇಳುವ ಹಾಡು ಅದು. ಅದರಲ್ಲಿ ನಾನಿಲ್ಲ ಎಂಬುದೂ ಒಂದು ಕಾರಣವಿರಬಹುದು.

ಗಂಟೆಯ ಸದ್ದಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಿಮದ ಮೇಲೆ ಕುದುರೆ ಎಳೆಯುವ ಜಾರುಬಂಡಿಗೆ ಕಟ್ಟುವ ಗಂಟೆಗಳ ಕಿಣಿಕಿಣಿ ಇಲ್ಲದಿದ್ದರೆ ಕ್ರಿಸ್‌ಮಸ್ ಹಾಡು ಕ್ರಿಸ್‌ಮಸ್ ಹಾಡೆಂದು ಯಾರಿಗೂ ಅನ್ನಿಸುವುದಿಲ್ಲ. ಕೀಬೋರ್ಡಿನೊಳಗೆ ಅದರ ಸದ್ದು ಇತ್ತು, ಆದರೆ ಅದು ಮೊಬೈಲಿನ ರಿಂಗ್‌ಟೋನಿನಂತೆ ಕೇಳುತ್ತಿತ್ತು. ಆಗ ಡ್ರಮ್ಮರ್ ಊರಿಗೆ ಹೋಗಿ ತನ್ನ ಭಾವನ ಮನೆಯಿಂದ ಎತ್ತಿನ ಕೊರಳಿಗೆ ಕಟ್ಟುವ ಎರಡು ಗೆಜ್ಜೆಸರಗಳನ್ನು ತಂದ. ಅಗಲವಾದ ಚರ್ಮದ ಪಟ್ಟಿಗೆ ಪೋಣಿಸಿದ ಹಿತ್ತಾಳೆಯ ದಪ್ಪ ಗೆಜ್ಜೆಗಳು. ಪಟ್ಟಿಗೆ ಎಣ್ಣೆ, ಬೆವರು, ಹುಲ್ಲಿನ ವಾಸನೆ ಮೆತ್ತಿಕೊಂಡಿತ್ತು. ಭಾವ ಒಂದೇ ಕರಾರು ಹಾಕಿದ್ದರಂತೆ: ಸಂಕ್ರಾಂತಿಯ ಹೊತ್ತಿಗೆ ಹಿಂದಕ್ಕೆ ಬರಬೇಕು. ಮೈಕಿನ ಮುಂದೆ ಹಿಡಿದು ಆಡಿಸಿದರೆ ಸದ್ದು ವಿಪರೀತ ದೊಡ್ಡದಾಗಿ ಮುದ್ದೆಯಾಗುತ್ತಿತ್ತು. ಎರಡು ಮಾರು ದೂರ ನಿಂತು ಆಡಿಸಿದರೆ ಮಳೆಯ ಸದ್ದೂ ಸೇರಿಕೊಳ್ಳುತ್ತಿತ್ತು. ಕೊನೆಗೆ ಡ್ರಮ್ಮರ್ ಒಂದು ಸರವನ್ನು ತನ್ನ ಕೊರಳಿಗೇ ಹಾಕಿಕೊಂಡು, ಎರಡೂ ಕೈಯಲ್ಲಿ ಅದರ ತುದಿಗಳನ್ನು ಹಿಡಿದು, ನಿಂತಲ್ಲೇ ಎತ್ತಿನ ನಡಿಗೆಯಲ್ಲಿ ಭುಜ ಕುಣಿಸಿದ. ಎಡ ಭುಜಕ್ಕೆ ಒಂದು ಪೆಟ್ಟು, ಬಲ ಭುಜಕ್ಕೆ ಒಂದು ಪೆಟ್ಟು. ತಾಳ ಸರಿಯಾಗಿ ಕೂತಿತು. ಮೂರನೆಯ ಸಲ ಎಲ್ಲ ಚೆನ್ನಾಗಿ ಬಂದು ಇನ್ನೇನು ಮುಗಿಯಬೇಕೆನ್ನುವಾಗ ಪಕ್ಕದ ಮನೆಯ ಕುಕ್ಕರ್ ಕೂಗಿತು. ನಾಲ್ಕನೆಯದನ್ನು ಇಟ್ಟುಕೊಂಡೆವು, ಆದರೆ ಮೂರನೆಯದೇ ಚೆನ್ನಾಗಿತ್ತು.

ಎಂಟು ಹಾಡಿನಲ್ಲಿ ಒಂದು ಕನ್ನಡದ್ದು, ನಾನೇ ಬರೆದದ್ದು. ಮೂರೂವರೆ ದಶಕ ಇಂಗ್ಲಿಷಿನಲ್ಲೇ ಹಾಡು ಬರೆದ ಬ್ಯಾಂಡಿನಲ್ಲಿ ಕನ್ನಡ ಬೇಕೆಂದು ಹಟ ಹಿಡಿದವನು ಗಿಟಾರ್ ವಾದಕ ಎಂಬುದನ್ನು ದಾಖಲಿಸದಿದ್ದರೆ ಅನ್ಯಾಯವಾಗುತ್ತದೆ. ಹಿಮವನ್ನು ನಾನು ಕಂಡವನಲ್ಲ. ಡಿಸೆಂಬರ್ ಎಂದರೆ ನನಗೆ ನೆನಪಾಗುವುದು ನಸುಕಿನ ಮಂಜಿನಲ್ಲಿ ಬೆಳಕು ಹಚ್ಚಿಕೊಂಡು ಕುಳಿತ ಬೇಕರಿ. ‘ಊರು ಹೊದ್ದು ಮಲಗಿದೆ, ಬೇಕರಿ ಒಲೆ ಎದ್ದಿದೆ’ ಎಂದು ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ನಾನು ಎಂದೂ ಇಷ್ಟು ಸರಳ ಸಾಲು ಬರೆಯುವ ಧೈರ್ಯ ಮಾಡಿರಲಿಲ್ಲ.

ಮಿಕ್ಸಿಂಗ್ ಕುರಿತು ಹೆಚ್ಚು ಹೇಳುವಂಥದ್ದಿಲ್ಲ. ಡ್ರಮ್ಮರನಿಗೆ ಬಲಗಿವಿ ಮಂದ, ಗಿಟಾರಿನವನಿಗೆ ಎಡಗಿವಿ. ಇಬ್ಬರೂ ತಂತಮ್ಮ ವಾದ್ಯ ಕೇಳಿಸುತ್ತಿಲ್ಲವೆಂದು ಜಗಳವಾಡಿದರು. ಮಿಕ್ಸಿಂಗ್ ಮಾಡಿದ ಹುಡುಗ, ಹಾಡು ಕೇಳಿಸುವ ಆ್ಯಪ್‌ಗಳು ಹೇಗೂ ಎಲ್ಲ ಹಾಡಿನ ಸದ್ದನ್ನೂ ಸರಿಸುಮಾರು ಒಂದೇ ಮಟ್ಟಕ್ಕೆ ತಂದು ನಿಲ್ಲಿಸುತ್ತವೆ, ನೀವು ಎಷ್ಟು ಕಿರುಚಿದರೂ ಲಾಭವಿಲ್ಲ ಅಂಕಲ್ ಎಂದು ವಿವರಿಸಿದ ಮೇಲೆ ಇಬ್ಬರೂ ಸುಮ್ಮನಾದರು. ಮುಖಪುಟಕ್ಕೆ ಸಾಂಟಾ ಟೋಪಿಯ ಫೋಟೊ ಬೇಡವೆಂದು ನಾನು, ಬೇಕೆಂದು ಗಾಯಕ. ಕೊನೆಗೆ ಆಂಪ್ಲಿಫೈಯರಿನ ಮೇಲೆ ಇಟ್ಟ ಪ್ಲಮ್ ಕೇಕಿನ ಚಿತ್ರ ಗೆದ್ದಿತು.

ಅಕ್ಟೋಬರಿನಲ್ಲಿ ಹಾಡುಗಳನ್ನು ಅಪ್‌ಲೋಡ್ ಮಾಡಿದೆವು. ಪ್ರತಿ ಹಾಡಿಗೂ ಹನ್ನೆರಡು ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ, ರಚನಕಾರರ ಹೆಸರು, ಭಾಷೆ, ಪ್ರಕಾರ ಎಲ್ಲವನ್ನೂ ತುಂಬುವ ಆ ಅರ್ಜಿ ನನಗೆ ಹಳೆಯ ನೌಕರಿಯನ್ನು ನೆನಪಿಸಿತು. ನವೆಂಬರ್ ಮೊದಲ ವಾರ ವಿತರಕ ಸಂಸ್ಥೆಯಿಂದ ಒಂದು ಪತ್ರ ಬಂತು: ನಮ್ಮ ‘ಸೈಲೆಂಟ್ ನೈಟ್’ ಬೇರೆ ಯಾರದೋ ಧ್ವನಿಮುದ್ರಣಕ್ಕೆ ಹೊಂದಿಕೆಯಾಗುತ್ತಿದೆ, ಆದ್ದರಿಂದ ಆಲ್ಬಮ್ಮನ್ನು ತಡೆಹಿಡಿಯಲಾಗಿದೆ. ಇನ್ನೂರು ವರ್ಷ ಹಳೆಯ ಹಾಡು ಇನ್ನೊಬ್ಬರ ಹಾಡಿನಂತೆ ಕೇಳದೆ ಮತ್ತೆ ಹೇಗೆ ಕೇಳಬೇಕು? ಈ ತೀರ್ಮಾನ ಮಾಡಿದ್ದು ಮನುಷ್ಯನಲ್ಲ, ಸದ್ದುಗಳನ್ನು ತಾಳೆ ನೋಡುವ ಯಂತ್ರ. ಅದಕ್ಕೆ ರಚನೆ ಬೇರೆ, ಧ್ವನಿಮುದ್ರಣ ಬೇರೆ ಎಂಬ ವಿವೇಕ ಇರಲಿಲ್ಲ. ಪತ್ರಕ್ಕೆ ಉತ್ತರಿಸುತ್ತಿದ್ದವರಿಗೂ ಇದ್ದಂತೆ ಕಾಣಲಿಲ್ಲ. ಒಂಬತ್ತು ದಿನಗಳಲ್ಲಿ ಹದಿನಾಲ್ಕು ಪತ್ರ ಬರೆದೆ. ಧ್ವನಿಮುದ್ರಣದ ಮೂಲ ಕಡತ, ಗಿಟಾರಿನವನು ನುಡಿಸುತ್ತಿರುವಾಗ ಅವನ ಮಗಳು ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೊ, ಎರಡನ್ನೂ ಕಳಿಸಿದ ಮೇಲೆ ಒಂದು ಸಾಲಿನ ಉತ್ತರ ಬಂತು. ಕ್ಷಮೆ ಅದರಲ್ಲಿರಲಿಲ್ಲ, ಆದರೆ ತಡೆ ತೆರವಾಗಿತ್ತು. ನವೆಂಬರ್ 24, ಶುಕ್ರವಾರ, ಆಲ್ಬಮ್ ಬಿಡುಗಡೆಯಾಯಿತು.

ಬಸವನಗುಡಿಯ ಮನೆಯಲ್ಲಿ ಅಮ್ಮನಿಗೆ ಕೇಳಿಸಿದೆ. ಅವರಿಗೆ 84 ವರ್ಷ. ನನ್ನ ಬ್ಯಾಂಡಿನ ಸದ್ದಿಗೆ ಇಷ್ಟು ವರ್ಷ ಬಾಗಿಲು ಹಾಕಿಕೊಂಡವರು. ‘ಜಾಯ್ ಟು ದಿ ವರ್ಲ್ಡ್’ ಮೊದಲ ಸಾಲು ಮುಗಿಯುವ ಮೊದಲೇ, “ಶಂಕರಾಭರಣ ಅಲ್ವೇನೋ ಇದು?” ಎಂದರು. ಹೌದೆಂದೆ. ಬೆರಳಿನಲ್ಲಿ ತಾಳ ಹಾಕುತ್ತ ಪೂರ್ತಿ ಕೇಳಿ, “ನಿಷಾದದ ಹತ್ತಿರ ನೀನು ಒಂಚೂರು ಹಿಂದೆ ಬೀಳ್ತೀಯಲ್ಲ” ಎಂದರು. ಹದಿನೆಂಟನೆಯ ಸಲದಲ್ಲಿ ನನಗೆ ಒಪ್ಪಿಗೆಯಾಗದೆ ಉಳಿದಿದ್ದ ಜಾಗ ಅದೇ.

ಡಿಸೆಂಬರ್ ಮೂರನೆಯ ಶನಿವಾರ ಕೀಬೋರ್ಡಿನವನ ಚರ್ಚಿನ ಅಂಗಳದಲ್ಲಿ ಶಾಮಿಯಾನದ ಕೆಳಗೆ ಎಂಟೂ ಹಾಡು ನುಡಿಸಿದೆವು. ಸುಮಾರು ಇನ್ನೂರು ಜನ ಇದ್ದರು, ಅರ್ಧದಷ್ಟು ಮಕ್ಕಳು. ‘ಜಿಂಗಲ್ ಬೆಲ್ಸ್’ ಬಂದಾಗ ಗಾಯಕ ಮೊದಲ ಸಾಲು ಎತ್ತಿಕೊಂಡನಷ್ಟೇ. ಎರಡನೆಯ ಸಾಲಿನಿಂದ ಅವನ ಧ್ವನಿ ನಮಗೆ ಕೇಳಿಸಲಿಲ್ಲ. ಅವನು ಮೈಕನ್ನು ಕೆಳಗಿಳಿಸಿ ನಮ್ಮ ಕಡೆ ತಿರುಗಿ ನಿಂತ. ಕೀಬೋರ್ಡಿನವನು ನನ್ನನ್ನು ನೋಡಿದ. ನಾನು ತಂತಿಗಳನ್ನು ನೋಡುತ್ತಿದ್ದೆ. ಕನ್ನಡ ಹಾಡಿಗೆ ಯಾರೂ ದನಿಗೂಡಿಸಲಿಲ್ಲ. ಅದು ಅವರಿಗೆ ಹೊಸದು, ಸಹಜವೇ. ಆದರೆ ‘ಬೇಕರಿ ಒಲೆ ಎದ್ದಿದೆ’ ಎಂಬಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗ ಗಟ್ಟಿಯಾಗಿ ನಕ್ಕ.

ಖರ್ಚು ಎರಡು ಲಕ್ಷ ನಲವತ್ತು ಸಾವಿರ. ಈವರೆಗೆ ಬಂದದ್ದು ಹನ್ನೊಂದು ಸಾವಿರದ ಚಿಲ್ಲರೆ. ಸಿ.ಡಿ.ಗಳಲ್ಲಿ ಇನ್ನೂರು ಹಂಚಿದೆವು. ಪಡೆದುಕೊಂಡವರಲ್ಲಿ ಅನೇಕರು ಅದನ್ನು ಹಾಕಿ ಕೇಳುವ ಯಂತ್ರ ತಮ್ಮಲ್ಲಿಲ್ಲವೆಂದು ಸಂಕೋಚದಿಂದ ಹೇಳಿದರು. ದಿನಕ್ಕೆ ಎಷ್ಟು ಜನ ಕೇಳಿದರೆಂಬ ನಕ್ಷೆ ಡಿಸೆಂಬರ್ 25ರವರೆಗೆ ಏರುತ್ತ ಹೋಗಿ, 26ರಂದು ಕಡಿದು ಬಿದ್ದು, ಹೊಸ ವರ್ಷದ ಮೊದಲ ವಾರ ಸೊನ್ನೆಗೆ ಬಂತು. ನಾನು ಆ ನಕ್ಷೆಯನ್ನು ನೋಡುವುದನ್ನು ಬಿಟ್ಟೆ. ಮರು ವರ್ಷ ನವೆಂಬರಿನ ಕೊನೆಯಲ್ಲಿ ಬೇರೇನೋ ಕೆಲಸಕ್ಕೆಂದು ತೆರೆದಾಗ, ನಾವು ಯಾರಿಗೂ ಏನೂ ಹೇಳದಿದ್ದರೂ, ಗೆರೆ ಮತ್ತೆ ತಾನಾಗಿ ಮೇಲೇಳುತ್ತಿತ್ತು. ನಮ್ಮ ಬೇರೆ ಯಾವ ಹಾಡೂ ಹೀಗೆ ಮರಳಿ ಬಂದದ್ದಿಲ್ಲ.

ಗೆಜ್ಜೆಸರಗಳನ್ನು 2024ರ ಜನವರಿ 14ರಂದು, ಸಂಕ್ರಾಂತಿಯ ಹಿಂದಿನ ದಿನ, ಡ್ರಮ್ಮರನ ಜೊತೆ ನಾನೇ ಊರಿಗೆ ಹೋಗಿ ಒಪ್ಪಿಸಿ ಬಂದೆ. ಮರುದಿನ ಕಿಚ್ಚು ಹಾಯಿಸಬೇಕಿದ್ದ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಿದ್ದ ಭಾವ, ಸರವನ್ನು ಕೈಗೆ ತೆಗೆದುಕೊಂಡು ಒಮ್ಮೆ ಕುಲುಕಿ, ಗೆಜ್ಜೆಗಳನ್ನು ಒಂದೊಂದಾಗಿ ಎಣಿಸಿಕೊಂಡು, “ಎಲ್ಲ ಸರಿಯಾಗಿವೆ” ಎಂದು ಎತ್ತಿನ ಕೊರಳಿಗೆ ಹಾಕಿದರು.